ಹೆಸರು ಬೇಡವೆಂದ ಮಾಲಿಯವರಿಗೆ

ಕಬ್ಬನ್ ಪಾರ್ಕಿನಲ್ಲಿ ಮಳೆನೀರನ್ನು ನೆಲಕ್ಕಿಳಿಸುವ ಇಂಗುಗುಂಡಿಗೆ ಜಾಗ ಗುರುತಿಸುತ್ತಿದ್ದ ನಮ್ಮ ಫೆಲೋಶಿಪ್ ತಂಡದ ನಕ್ಷೆ ತಿದ್ದಿಕೊಟ್ಟ ಮಾಲಿಯವರೇ, ನಿಮಗೆ ವಂದನೆ. ಇಳಿಜಾರು ನೋಡಿದರೆ ಸಾಲದು. ಒಂದಡಿ ಗುಂಡಿ ತೋಡಿ, ನೀರು ಹುಯ್ದು ಮಣ್ಣು ನೆನೆಸಿ, ಮತ್ತೆ ತುಂಬಿಸಿ, ಗಂಟೆಗೆ ಎಷ್ಟು ಇಳಿಯಿತೆಂದು ಅಳೆಯಿರಿ ಎಂದಿರಿ. ಜನ ಓಡಾಡಿ ಗಟ್ಟಿಯಾದ ಕೆಂಪುಮಣ್ಣು ನೀರು ಕುಡಿಯುವುದಿಲ್ಲ. ಉಪಗ್ರಹ ಚಿತ್ರದಲ್ಲಿ ಇದೆಲ್ಲಿ ಕಾಣಬೇಕು! ಇಂಗುಗುಂಡಿಗೆ ಮುಂಚೆ ಹೂಳು ನಿಲ್ಲುವ ಚಿಕ್ಕ ತೊಟ್ಟಿ ಇರದಿದ್ದರೆ ಎಲೆ, ಕೆಸರು ಸೇರಿ ಒಳಗೆ ತುಂಬಿದ ಜಲ್ಲಿಯ ಸಂದು ಮುಚ್ಚಿಹೋಗುತ್ತದೆ. ಬುಡದ ಹತ್ತಿರ ಅಗೆದು ಬೇರು ಕಡಿದರೆ ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಮರ ಉರುಳೀತು, ಮೇಲುಬೇರಿನ ಗುಲ್‌ಮೊಹರ್ ಅಂತೂ ಮೊದಲು. ಅದಕ್ಕೇ ಕೊಂಬೆಗಳ ಹರವಿನ ಆಚೆಗೆ ಸುಣ್ಣದ ಗುರುತು ಹಾಕಿಸಿದಿರಿ. ವರದಿಯಲ್ಲಿ ಹೆಸರು ಬೇಡವೆಂದಿರಿ; ಹಾಗಾಗಿ ಹೆಸರಿಲ್ಲದೆಯೇ ಈ ವಂದನೆಯನ್ನು ಇಲ್ಲಿ ಬರೆದಿದ್ದೇವೆ.