ಅದು ‘ಚಿಕನ್’ ಅಲ್ಲ, ಚಿಕುನ್‌ಗುನ್ಯಾ

ಮಾನ್ಯ ಸಂಪಾದಕರೇ,

ಸಿಂಧನೂರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೋಳಿ ಅಂಗಡಿ ನಡೆಸುತ್ತಿದ್ದೇನೆ. ಕಳೆದ ವಾರ ನಮ್ಮ ಓಣಿಯಲ್ಲಿ ಹಂಚಿದ ಕರಪತ್ರದಲ್ಲಿ ‘ಚಿಕನ್ ಗುನ್ಯಾ: ಎಚ್ಚರ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ನಿಮ್ಮ ಪತ್ರಿಕೆಯಲ್ಲೂ ಒಮ್ಮೊಮ್ಮೆ ಹೀಗೆಯೇ ಬರುತ್ತದೆ. ಭಾನುವಾರ ಕಾಯಂ ಗಿರಾಕಿಯೊಬ್ಬರು ‘ಈಗ ಕೋಳಿ ಬೇಡಪ್ಪ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ’ ಎಂದು ಬರಿಗೈಯಲ್ಲಿ ಹೋದರು.

ಆ ಹೆಸರಿಗೂ ಕೋಳಿಗೂ ಯಾವ ನಂಟೂ ಇಲ್ಲ. 1952ರಲ್ಲಿ ಆಫ್ರಿಕಾದ ಈಗಿನ ಟಾಂಜಾನಿಯಾ ದೇಶದ ದಕ್ಷಿಣ ಭಾಗದಲ್ಲಿ, ಮಕೊಂಡೆ ಜನರ ಸೀಮೆಯಲ್ಲಿ ಈ ಜ್ವರ ಹಬ್ಬಿತ್ತು. ಕೀಲುನೋವಿಗೆ ರೋಗಿಗಳು ಬಾಗಿ ಮುದುಡುತ್ತಿದ್ದರು. ಮಕೊಂಡೆ ನುಡಿಯಲ್ಲಿ ‘ಚಿಕುನ್‌ಗುನ್ಯಾ’ ಎಂದರೆ ಬಾಗಿಸುವಂಥದ್ದು. ಮುಂದೆ ವೈರಸ್ಸಿಗೂ ಅದೇ ಹೆಸರು ನಿಂತಿತು.

ನರ್ಸಿಂಗ್ ಓದಿದ ಮಗಳು ಇದನ್ನು ಹೇಳಿದಾಗ 2006ರಲ್ಲಿ ನಮ್ಮವ್ವ ಪಟ್ಟ ಪಾಡು ಕಣ್ಣಮುಂದೆ ಬಂತು. ಗೋಡೆ ಹಿಡಿದು, ನಡು ಬಗ್ಗಿಸಿಕೊಂಡೇ ಬಚ್ಚಲಿಗೆ ಹೋಗುತ್ತಿದ್ದಳು. ಹೊತ್ತಿಗೆ ಮೂವತ್ತು ಜೋಳದ ರೊಟ್ಟಿ ಬಡಿಯುತ್ತಿದ್ದ ಕೈಗೆ ಎರಡು ತಿಂಗಳು ಹಿಟ್ಟು ನಾದಲು ಆಗಲಿಲ್ಲ. ‘ಮೈಯೆಲ್ಲ ಮುದುಡಿ ಗಂಟು ಕಟ್ಟಿದಂತಾಗಿದೆ’ ಎನ್ನುತ್ತಿದ್ದಳು. ಆಫ್ರಿಕಾದವರು ಹೆಸರಿನಲ್ಲಿ ಇಟ್ಟದ್ದೂ ಇದೇ ಸಂಕಟವನ್ನು.

ಆ ವರ್ಷ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿ ನಮ್ಮ ವ್ಯಾಪಾರ ಮೊದಲೇ ನೆಲಕಚ್ಚಿತ್ತು. ಅದರ ಬೆನ್ನಿಗೇ ಈ ಜ್ವರ ಬಂದದ್ದರಿಂದ ಜನ ಎರಡನ್ನೂ ಒಂದೇ ಎಂದುಕೊಂಡರು. ಆದರೆ ನಮ್ಮ ಪಕ್ಕದ ಅಯ್ಯನವರ ಮನೆಯವರು ಜನ್ಮದಲ್ಲಿ ಕೋಳಿ ಮುಟ್ಟಿದವರಲ್ಲ, ಆ ಮನೆಯ ಐವರೂ ಹಾಸಿಗೆ ಹಿಡಿದಿದ್ದರು. ಅವರ ಅಂಗಳದ ಬ್ಯಾರಲ್ಲಿಗೆ ಮುಚ್ಚಳ ಇರಲಿಲ್ಲ. ನಮ್ಮ ಬ್ಯಾರಲ್ಲಿಗೂ ಇರಲಿಲ್ಲ. ನಳದ ನೀರು ನಾಲ್ಕೈದು ದಿನಕ್ಕೊಮ್ಮೆ ಬರುವ ಓಣಿಯಲ್ಲಿ ಎಲ್ಲರೂ ನೀರು ತುಂಬಿಟ್ಟುಕೊಳ್ಳುತ್ತೇವೆ. ಚಿಕುನ್‌ಗುನ್ಯಾ ಹರಡುವ, ಹಗಲಲ್ಲಿ ಕಚ್ಚುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಅಂಥ ನೀರಿನ ಅಂಚಿನಲ್ಲೇ. ಡೆಂಗಿಯನ್ನು ಹರಡುವುದೂ ಅದೇ ಸೊಳ್ಳೆ. ಕೋಳಿ ಬಿಟ್ಟವರೆಲ್ಲ ರೋಗದಿಂದ ಪಾರಾದೆವೆಂದು ನೆಮ್ಮದಿಯಾಗಿದ್ದರು, ಬ್ಯಾರಲ್ಲು ಬಾಯಿ ತೆರೆದೇ ಇತ್ತು. ನನ್ನ ವ್ಯಾಪಾರದ ನಷ್ಟಕ್ಕಿಂತ ನನಗೆ ನೋವಾಗುವುದು ಇದಕ್ಕೆ.

ದಯವಿಟ್ಟು ನಿಮ್ಮ ಪತ್ರಿಕೆಯಲ್ಲಿ ‘ಚಿಕುನ್‌ಗುನ್ಯಾ’ ಎಂದು ಒಂದೇ ಪದವಾಗಿ, ‘ಕು’ ಅಕ್ಷರ ಬಿಡದೆ ಅಚ್ಚು ಹಾಕಿ. ಮಳೆಗಾಲದ ಸುದ್ದಿಯ ಜೊತೆ ಕೋಳಿಯ ಚಿತ್ರ ಬೇಡ. ಮುಚ್ಚಳ ಹಾಕಿದ ಬ್ಯಾರಲ್ಲಿನ ಚಿತ್ರ ಹಾಕಿ.

ಒಬ್ಬ ಕೋಳಿ ವ್ಯಾಪಾರಿ,
ಸಿಂಧನೂರು, ರಾಯಚೂರು ಜಿಲ್ಲೆ