ಗುಬ್ಬಿಗಿಟ್ಟ ಕಾಳು ಪಾರಿವಾಳದ ಪಾಲು

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ, ಅದರಲ್ಲೂ ಮಾರ್ಚ್ 20ರ ವಿಶ್ವ ಗುಬ್ಬಚ್ಚಿ ದಿನದ ಆಸುಪಾಸಿನಲ್ಲಿ, ಬೆಂಗಳೂರಿನ ಬಡಾವಣೆಗಳಲ್ಲಿ ಹಕ್ಕಿಗಳಿಗೆ ಕಾಳಿನ ಫೀಡರ್, ನೀರಿನ ಮಣ್ಣಿನ ತಟ್ಟೆ ಹಂಚುವುದು ಈಗ ರೂಢಿಯಾಗಿದೆ. ಉದ್ದೇಶ ಒಳ್ಳೆಯದೇ. ಆದರೆ ಹಂಚುವ ಫೀಡರ್‌ಗಳು ಅಗಲ ತಟ್ಟೆಯವಾದರೆ, ಇಲ್ಲವೇ ನೀರಿನ ಬಾಟಲಿಗೆ ಮರದ ಸೌಟು ತೂರಿಸಿದವಾದರೆ, ಅವು ಪಾರಿವಾಳಕ್ಕೇ ಹೇಳಿ ಮಾಡಿಸಿದಂತಿರುತ್ತವೆ.

ಗುಬ್ಬಿಯ ತೂಕ 25–30 ಗ್ರಾಂ, ಪಾರಿವಾಳದ್ದು ಸುಮಾರು 300 ಗ್ರಾಂ. ತಿನ್ನುವ ಬಗೆಯೂ ಬೇರೆ. ಗುಬ್ಬಿ ಒಂದೊಂದೇ ಕಾಳನ್ನು ಕೊಕ್ಕಿನಲ್ಲಿ ಹೊರಳಿಸಿ, ಹೊಟ್ಟು ಬಿಡಿಸಿ ಉದುರಿಸಿ, ತಿರುಳು ನುಂಗಿ, ಆಮೇಲೆ ಮತ್ತೊಂದಕ್ಕೆ ಬಾಗುತ್ತದೆ. ಪಾರಿವಾಳ ಬಿಡಿಸುವ ಗೋಜಿಗೇ ಹೋಗುವುದಿಲ್ಲ. ಇಡೀ ಕಾಳನ್ನು ಪಟಪಟನೆ ನುಂಗಿ ಕತ್ತಿನ ಬುಡದ ಚೀಲದಲ್ಲಿ ತುಂಬಿಕೊಳ್ಳುತ್ತದೆ. ಹತ್ತು ಪಾರಿವಾಳ ಇಳಿದರೆ ತಟ್ಟೆ ಕೆಲವೇ ನಿಮಿಷದಲ್ಲಿ ಖಾಲಿ. ಅದನ್ನು ಬೈದು ಪ್ರಯೋಜನವಿಲ್ಲ, ಕಾಲೂರಲು ಸಮತಟ್ಟು ಜಾಗ ಕೊಟ್ಟವರು ನಾವೇ.

ಪಾರಿವಾಳ ಬಂಡೆಯ ಚಾಚಿನ ಮೇಲೆ ನಿಂತು ಬದುಕಿದ ಹಕ್ಕಿ. ತೂಗಾಡುವ ವಸ್ತುವಿಗೆ ಜೋತುಬೀಳಲು ಅದಕ್ಕೆ ಸರಿಯಾಗಿ ಬಾರದು. ಗುಬ್ಬಿ, ರಾಟವಾಳಗಳಿಗೆ ಅದು ಸಲೀಸು. ಹಿಂದೆ ಜಗಲಿಯ ತೊಲೆಗೆ ಭತ್ತದ ತೆನೆ ಕಟ್ಟುತ್ತಿದ್ದರಲ್ಲ, ಅದಕ್ಕಿಂತ ಒಳ್ಳೆಯ ಫೀಡರ್ ಇವತ್ತಿಗೂ ಇಲ್ಲ. ಭತ್ತದ್ದೋ ನವಣೆಯದ್ದೋ ಹತ್ತು ಹದಿನೈದು ತೆನೆಗಳ ಬುಡ ಸೇರಿಸಿ ಬಿಗಿದು, ತುದಿ ಕೆಳಗೆ ಬರುವಂತೆ ತೆಳು ತಂತಿಗೆ ತೂಗುಬಿಡಿ. ಬಾಲ್ಕನಿ ಕಂಬಿಯಿಂದ ಎರಡೂವರೆ ಅಡಿಯಾದರೂ ದೂರವಿರಲಿ. ಹತ್ತಿರವಿದ್ದರೆ ಪಾರಿವಾಳ ಕಂಬಿಯ ಮೇಲೇ ನಿಂತು ಕತ್ತು ಚಾಚುತ್ತದೆ.

ತೆನೆ ಸಿಗದವರು ಒಂದು ಲೀಟರಿನ ಬಾಟಲಿಯನ್ನೇ ಬಳಸಲಿ, ಸೌಟು ಮಾತ್ರ ಬೇಡ. ಸೌಟಿನ ಬದಲು ಪೆನ್ಸಿಲ್ ದಪ್ಪದ ಕಡ್ಡಿ ತೂರಿಸಿ, ಎರಡೂ ಕಡೆ ಒಂದೂವರೆ ಇಂಚಿನಷ್ಟೇ ಹೊರಗೆ ಬಿಡಿ. ಕಾಳಿನ ತೂತು ಕಡ್ಡಿಗಿಂತ ಸುಮಾರು ಎರಡು ಇಂಚು ಮೇಲಿರಲಿ: ಸಜ್ಜೆಗೆ 8 ಮಿಲಿಮೀಟರ್, ನವಣೆಗೆ 5. ನವಣೆಗೂ 8 ಕೊರೆದರೆ ಗಾಳಿಗೆ ಬಾಟಲಿ ಅಲ್ಲಾಡಿದಾಗಲೆಲ್ಲ ಕಾಳು ನೆಲದ ಪಾಲು, ನೆಲದ ಕಾಳು ಪಾರಿವಾಳದ ಪಾಲು. ತಳಕ್ಕೆ ಕಾದ ಸೂಜಿಯಿಂದ ನಾಲ್ಕು ಸಣ್ಣ ತೂತು ಮಾಡಿ. ಇಲ್ಲದಿದ್ದರೆ ಇರಚಲು ನೀರು ತಳದಲ್ಲಿ ನಿಂತು ಕಾಳು ಮುದ್ದೆಗಟ್ಟಿ ಬೂಷ್ಟು ಹಿಡಿಯುತ್ತದೆ, ಅದನ್ನು ತಿಂದ ಹಕ್ಕಿ ಕಾಯಿಲೆ ಬೀಳುತ್ತದೆ.

ಪಾರಿವಾಳದ ಹಿಂಡೇ ಇರುವ ಕಡೆ ಬಾಟಲಿಯ ಸುತ್ತ ಜಾಲರಿ ಪಂಜರ ಬೇಕಾಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ವೆಲ್ಡ್ ಮೆಶ್ ಕೊಳ್ಳುವಾಗ ಕಣ್ಣಿನ ಅಳತೆ ಕೇಳಿಯೇ ಕೊಳ್ಳಿ. ಒಂದು ಇಂಚಿನದರಲ್ಲಿ ಗುಬ್ಬಿ ಸಲೀಸಾಗಿ ನುಗ್ಗಲಾರದು, ಎರಡು ಇಂಚಿನದರಲ್ಲಿ ಮೈನಾ ಕೂಡ ಒಳಗೆ ಬರುತ್ತದೆ. ಒಂದೂವರೆ ಇಂಚೇ ಸರಿ. ಪಂಜರ 15 ಇಂಚು ಅಗಲವಿದ್ದು ಬಾಟಲಿ ನಟ್ಟನಡುವೆ ತೂಗಿದರೆ ಸುತ್ತ ಆರು ಇಂಚು ಅಂತರ ಉಳಿಯುತ್ತದೆ, ಹೊರಗಿನಿಂದ ಕೊಕ್ಕು ಎಟುಕದು. ಚಿಕ್ಕ ಪಂಜರ ಮಾಡಿ ‘ಉಪಯೋಗವಿಲ್ಲ’ ಎಂದು ಕೈಬಿಡುವವರು ಸೋಲುವುದು ಈ ಅಂತರದಲ್ಲೇ. ಮೇಲೆ ಪ್ಲಾಸ್ಟಿಕ್ ಬೇಸಿನ್ ಬೋರಲು ಹಾಕಿದರೆ ಮಳೆಗೂ ಮರೆ, ಇಳಿಯಲು ಬಂದ ಪಾರಿವಾಳ ಜಾರುತ್ತದೆ ಕೂಡ. ಕತ್ತರಿಸಿದ ತಂತಿಯ ಮೊನೆಗಳನ್ನು ಒಳಮಡಚಿ, ಅರದಿಂದ ಉಜ್ಜಿ. ಗುಬ್ಬಿಗಳು ಹೊಸ ಪಂಜರಕ್ಕೆ ಹೆದರಿ ಒಂದೆರಡು ವಾರ ದೂರವಿರಬಹುದು. ಅಷ್ಟು ದಿನ ಒಂದು ಬದಿ ತೆರೆದಿಡಿ. ಅಳಿಲು ಮಾತ್ರ ಇದರಲ್ಲೂ ತೂರುತ್ತದೆ, ಅದಕ್ಕೆ ಗೋಡೆ, ಕೊಂಬೆಗಳಿಂದ ದೂರ ತೂಗುವುದೊಂದೇ ದಾರಿ.

ಜೋಳ, ಗೋಧಿ, ಮೆಕ್ಕೆಜೋಳ, ಬೇಳೆ ಹಾಕಲೇಬೇಡಿ, ಅವು ಪಾರಿವಾಳದ ಮೆಚ್ಚಿನವು. ನವಣೆ, ಸಜ್ಜೆ, ಅಕ್ಕಿ ನುಚ್ಚು ಸಾಕು. ಬೆಳಗಿನ ಜಾವ ಎರಡು ಹಿಡಿ, ಸಂಜೆ ಒಂದು ಹಿಡಿ. ಕತ್ತಲಾದ ಮೇಲೆ ಉಳಿದರೆ ಇಲಿ ಬರುತ್ತದೆ. ಬಾಟಲಿ ತುಂಬಿದಂತೆ ಕಂಡರೂ ನಂಬಬೇಡಿ. ತೂತಿನ ಬಳಿ ಹೊಟ್ಟು ಕಟ್ಟಿಕೊಂಡು ಒಳಗಿನ ಕಾಳು ಕೆಳಗಿಳಿಯದೆ ನಿಂತಿರುತ್ತದೆ. ದಿನಕ್ಕೊಮ್ಮೆ ಊದಿ ತೆಗೆಯಿರಿ, ವಾರಕ್ಕೊಮ್ಮೆ ಬಾಟಲಿ ತೊಳೆದು ಒಣಗಿಸಿ. ಪಾರಿವಾಳದ ಒಣ ಹಿಕ್ಕೆಯ ದೂಳು ಶ್ವಾಸಕೋಶಕ್ಕೆ ಕೇಡು. ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ಗುಡಿಸಿ.

ಮೈನಾ, ಪಿಕಳಾರಗಳಿಗೆ ಮನೆಯ ಇನ್ನೊಂದು ಮಗ್ಗುಲಲ್ಲಿ ಬಾಳೆಹಣ್ಣಿನ ಚೂರಿಟ್ಟರೆ ಕಾಳಿನ ಕಡೆ ಗಲಾಟೆ ತಗ್ಗುತ್ತದೆ. ಪಾರಿವಾಳಕ್ಕೆ ಹೀಗೆ ಬೇರೆ ಪಾಲಿಡುವುದು ತಪ್ಪು: ಅದು ಮರಿಗೆ ತನ್ನ ಕತ್ತಿನ ಚೀಲದಲ್ಲೇ ಹಾಲಿನಂಥ ಆಹಾರ ಮಾಡಿ ಉಣಿಸುತ್ತದೆ, ವರ್ಷವಿಡೀ ಮರಿ ಮಾಡುತ್ತದೆ. ಹೆಚ್ಚು ಕಾಳೆಂದರೆ ಹೆಚ್ಚು ಪಾರಿವಾಳ. ಗುಬ್ಬಿ ಮರಿಗಾದರೋ ಮೊದಲ ದಿನಗಳಲ್ಲಿ ಹುಳುವೇ ಬೇಕು. ಫೀಡರ್ ಪಕ್ಕದಲ್ಲಿ ಔಷಧಿ ಹೊಡೆಯದ ನಾಲ್ಕು ಕುಂಡ ಗಿಡ ಇರದಿದ್ದರೆ ಕಾಳೊಂದರಿಂದಲೇ ಗುಬ್ಬಿ ಸಂಸಾರ ಬೆಳೆಯದು. ಪಾರಿವಾಳ ತಡೆಯಲೆಂದು ಅಂಟು ಬಳಿಯುವುದು, ಮಾಂಜಾ ದಾರ ಕಟ್ಟುವುದು ಬೇಡವೇ ಬೇಡ. ಅದರಲ್ಲಿ ಗುಬ್ಬಿಯೂ ಸಿಕ್ಕಿ ಸಾಯುತ್ತದೆ.

ಮುಂದಿನ ಮಾರ್ಚ್‌ಗೆ ಫೀಡರ್ ಹಂಚಲು ಈಗಲೇ ತಯಾರಿ ನಡೆಸುವ ಸಂಘ, ಶಾಲೆಗಳು ದಯವಿಟ್ಟು ತಟ್ಟೆ ಕೈಬಿಟ್ಟು ಒಂದೂವರೆ ಇಂಚಿನ ಜಾಲರಿಯದನ್ನು ಮಾಡಿಸಲಿ. ಯಾವ ಕಾಳು, ದಿನಕ್ಕೆ ಎಷ್ಟು ಹಿಡಿ ಎಂಬುದನ್ನು ಫೀಡರ್ ಮೇಲೆಯೇ ಕನ್ನಡದಲ್ಲಿ ಅಚ್ಚು ಹಾಕಿಸಲಿ.

– ಓದುಗರು, ಬೆಂಗಳೂರು