ಹನಿ ಹಾಕುವ ಮೊದಲು ಇದನ್ನೊಮ್ಮೆ ಓದಿ

ಎಲ್ಲರಿಗೂ ನಮಸ್ಕಾರ. ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಹೊಸಬರ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಪಾಪೆ ಹಿಗ್ಗಿಸುವ ಹನಿಯ ಬಗ್ಗೆಯೇ ಇವೆ. ಒಬ್ಬೊಬ್ಬರಿಗೆ ಉತ್ತರಿಸುವ ಬದಲು ಇಲ್ಲೇ ಬರೆಯುತ್ತಿದ್ದೇನೆ.

ಬಾಟಲಿ ಕೈಗೆತ್ತಿಕೊಳ್ಳುವ ಮೊದಲು ದೃಷ್ಟಿ, ಬೆಳಕಿಗೆ ಪಾಪೆಯ ಪ್ರತಿಕ್ರಿಯೆ, ಕಣ್ಣಿನ ಒತ್ತಡ ಮೂರೂ ದಾಖಲಾಗಿರಬೇಕು. ಪಾಪೆ ಹಿಗ್ಗಿದ ಮೇಲೆ ಟಾರ್ಚ್ ಬೆಳಕು ಹಾಯಿಸಿ ಪ್ರಯೋಜನವಿಲ್ಲ. ಶುರುವಿನಲ್ಲಿ ನಾನೇ ಈ ತಪ್ಪು ಮಾಡಿ, ರೋಗಿಯನ್ನು ಮರುದಿನ ಮತ್ತೆ ಕರೆಸಿ ಬೈಸಿಕೊಂಡಿದ್ದೇನೆ! ಕಣ್ಣಿನ ಮುಂಭಾಗದ ಕೋನ (ಕಣ್ಣೊಳಗಿನ ದ್ರವ ಹೊರಹೋಗುವ ಜಾಗ) ಕಿರಿದಾಗಿದೆ ಅನ್ನಿಸಿದರೆ ವೈದ್ಯರನ್ನು ಕೇಳದೆ ಹನಿ ಹಾಕಲೇಬೇಡಿ. ಒತ್ತಡ ಏಕಾಏಕಿ ಏರಬಹುದು. ಪಾಪೆ ಹಿಗ್ಗಿಸುವ ಟ್ರೋಪಿಕಮೈಡ್ ಹನಿ ಕೆಲಸ ಮಾಡಲು 20-30 ನಿಮಿಷ ಬೇಕು, ಕಡುಬಣ್ಣದ ಕಣ್ಣಿಗೆ ಇನ್ನೂ ಸ್ವಲ್ಪ ಹೆಚ್ಚು. ಐದು ನಿಮಿಷಕ್ಕೊಮ್ಮೆ ಇಣುಕಿ ನೋಡಿ ಮತ್ತೊಂದು ಹನಿ ಸುರಿಯುವ ಆತುರ ಬೇಡ. ಮಬ್ಬು ಕೆಲವು ಗಂಟೆ ಉಳಿಯುತ್ತದೆ, ವಾಹನ ಓಡಿಸಬಾರದು ಎಂಬುದನ್ನು ಹನಿ ಹಾಕಿದ ಮೇಲಲ್ಲ, ಮುಂಚೆಯೇ ಹೇಳಿ.

ಚಾರ್ಟ್‌ನಲ್ಲಿ 6/6 (ಸಾಮಾನ್ಯ ದೃಷ್ಟಿ) ಬಾರದಿದ್ದರೆ ಪಿನ್‌ಹೋಲ್ (ಸಣ್ಣ ತೂತಿರುವ ಫಲಕ) ಕಣ್ಣಿನ ಮುಂದಿಟ್ಟು ಓದಿಸಿ ನೋಡಿ. ಅದರಲ್ಲಿ ಸುಧಾರಿಸಿದರೆ ಬಹುಮಟ್ಟಿಗೆ ಕನ್ನಡಕದ ವಿಷಯ. ಸುಧಾರಿಸದಿದ್ದರೆ ಅದನ್ನೂ ಬರೆಯಿರಿ, ವೈದ್ಯರು ಮೊದಲು ಹುಡುಕುವುದೇ ಆ ಸಾಲನ್ನು.

ದೃಷ್ಟಿ ಪರೀಕ್ಷೆಯೇ ಮೊದಲು ಎಂಬ ನಿಯಮಕ್ಕೆ ಒಂದು ಅಪವಾದವಿದೆ. ಸುಣ್ಣವೋ ಆಮ್ಲವೋ ಕಣ್ಣಿಗೆ ಬಿದ್ದು ಬಂದವರಿಗೆ ಚಾರ್ಟ್ ಆಮೇಲೆ. ತಕ್ಷಣ ಸಲೈನ್ ಅಥವಾ ಶುದ್ಧ ನೀರಿನಿಂದ ತೊಳೆಯಲು ಶುರುಮಾಡಿ, ವೈದ್ಯರನ್ನು ಕೂಗಿ ಕರೆಯಿರಿ.

ಕಣ್ಣಿನ ಒತ್ತಡ ಅಳೆಯುವ ಟೋನೋಮೀಟರ್ ತುದಿ ಶುಚಿಮಾಡುವ ಬಗ್ಗೆ ನಾಳೆ ಬರೆಯುತ್ತೇನೆ, ಅದು ದೊಡ್ಡ ಕಥೆ.